ಪೈಲಟ್ ವಿದ್ಯಾರ್ಥಿಯ ಕಪಾಟಿಗೆ ಐದು ಖಾನೆ

2025ರ ಜನವರಿ 1ರಂದು ಭಾರತದ ಪೈಲಟ್ ವಿದ್ಯಾರ್ಥಿಗಳ ಪಠ್ಯಪುಸ್ತಕದ ಮೊದಲ ಅಧ್ಯಾಯ ಬೆಳಗಾಗುವಷ್ಟರಲ್ಲಿ ಹಳತಾಗಿತ್ತು. ತೊಂಬತ್ತು ವರ್ಷ ನಡೆದುಬಂದ 1934ರ ವಿಮಾನ ಕಾಯ್ದೆ ಅಂದು ರದ್ದಾಗಿ, ‘ಭಾರತೀಯ ವಾಯುಯಾನ ಅಧಿನಿಯಮ, 2024’ ಜಾರಿಗೆ ಬಂತು. ವಿಚಿತ್ರವೆಂದರೆ, ಹಳೆಯ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ 1937ರ ವಿಮಾನ ನಿಯಮಗಳು ಮಾತ್ರ ಅಂದು ಹೋಗಲಿಲ್ಲ. ಅವುಗಳ ಜಾಗಕ್ಕೆ ಹೊಸವು ಬರುವವರೆಗೆ ಅವೇ ಚಾಲ್ತಿಯಲ್ಲಿರುತ್ತವೆ ಎಂದು ಹೊಸ ಕಾಯ್ದೆಯೇ ಅವಕಾಶ ಮಾಡಿಕೊಟ್ಟಿತು. ಮೇಜಿನ ಮೇಲಿರುವ ಎರಡು ಹಳೆಯ ಪುಸ್ತಕಗಳಲ್ಲಿ ಒಂದನ್ನು ಎತ್ತಿಡಬೇಕು, ಇನ್ನೊಂದನ್ನು ಇಟ್ಟುಕೊಳ್ಳಬೇಕು. ಯಾವುದು ಯಾವುದೆಂದು ತಿಳಿಯದವರು ಎರಡನ್ನೂ ಎಸೆಯುತ್ತಾರೆ, ಇಲ್ಲವೇ ಎರಡನ್ನೂ ಓದುತ್ತಾರೆ.

ಹುಬ್ಬಳ್ಳಿಯ ಕೇಶ್ವಾಪುರದ ಆಚೆ, ಗೋಪನಕೊಪ್ಪದ ಮನೆಯಲ್ಲಿ ಕೂತು ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ, ಅಂದರೆ ಸಿಪಿಎಲ್‌ಗೆ, ಓದುವ ಹುಡುಗ ಹುಡುಗಿಯರಿಗೆ ಪುಸ್ತಕ ಸಿಗುವುದಿಲ್ಲವೆಂಬ ತಾಪತ್ರಯ ಈಗಿಲ್ಲ. ಕಾಯ್ದೆ, ನಿಯಮ, ಸುತ್ತೋಲೆಗಳೆಲ್ಲ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಈಗಿನ ತೊಂದರೆ ಅತಿಯಾಗಿ ಸಿಗುವುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಪಿಡಿಎಫ್, ಹಿರಿಯರು ಕೊಟ್ಟ ಝೆರಾಕ್ಸ್ ಕಟ್ಟು, ಕೋಚಿಂಗ್‌ನವರ ನೋಟ್ಸ್, ಯಾವ ಕಾಲದ್ದೋ ಗೊತ್ತಿಲ್ಲದ ಪ್ರಶ್ನೆಕೋಶ ಎಲ್ಲ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ.

ಆ ರಾಶಿ ಒಂದೇ ಕಡೆ ಇರುವುದೂ ಇಲ್ಲ. ಓದು ಮನೆಯಲ್ಲಿ, ಹಾರಾಟ ಇನ್ನೆಲ್ಲೋ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1949ರಿಂದ ಇದೆ. ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಇದ್ದವು. 2022ರ ಎರಡನೇ ಸುತ್ತಿನ ಪಟ್ಟಿಯಲ್ಲಿ ಹುಬ್ಬಳ್ಳಿಯ ಹೆಸರೂ ಬಂತು. ಸಿಪಿಎಲ್‌ಗೆ ಕನಿಷ್ಠ 200 ಗಂಟೆ ಹಾರಾಟ ಬೇಕು. ಅದಕ್ಕಾಗಿ ಊರೂರು ತಿರುಗುವವರ ಕಾಗದಪತ್ರಗಳು ಬ್ಯಾಗಿನಲ್ಲೂ ಹಿಡಿಯಬೇಕು, ಬೇಕೆಂದಾಗ ಎರಡು ನಿಮಿಷದಲ್ಲಿ ಕೈಗೂ ಸಿಗಬೇಕು.

ವಿಷಯವಾರು ವಿಂಗಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹವಾಮಾನ ಒಂದು ಕಡೆ, ಲೈಸೆನ್ಸ್ ಒಂದು ಕಡೆ, ವಾಯುಪ್ರದೇಶ ಇನ್ನೊಂದು ಕಡೆ. ವಿಮಾನಯಾನದ ನಿಯಮಗಳಿಗೆ ಈ ಕ್ರಮ ಅಷ್ಟಾಗಿ ಹೊಂದುವುದಿಲ್ಲ. ಒಂದೇ ವಿಷಯದ ಮೇಲೆ ಕಾಯ್ದೆ ಒಂದು ಮಾತು ಹೇಳಿರುತ್ತದೆ, ನಿಯಮ ಅದನ್ನು ಬಿಡಿಸಿರುತ್ತದೆ, ಮೊನ್ನೆ ಬಂದ ಆದೇಶ ಅದಕ್ಕೆ ತಿದ್ದುಪಡಿ ತಂದಿರುತ್ತದೆ. ಅಡುಗೆಮನೆಯಲ್ಲಿ ಉಪ್ಪಿನಕಾಯಿ ವರ್ಷವಿಡೀ ಇರುತ್ತದೆ, ಹಾಲು ಸಂಜೆಗೆ ಒಡೆಯುತ್ತದೆ. ಎರಡನ್ನೂ ಒಂದೇ ಕಡೆ ಇಟ್ಟು ಮರೆಯುವಂತಿಲ್ಲ. ಹಾಗೆಯೇ ಪ್ರತಿ ಕಾಗದವನ್ನೂ ಅದು ಎಷ್ಟು ದಿನ ಬಾಳುತ್ತದೆ ಎಂಬುದನ್ನು ನೋಡಿ ಇಟ್ಟರೆ ಕಪಾಟು ಐದು ಖಾನೆಗಳಲ್ಲಿ ಮುಗಿಯುತ್ತದೆ.

ಮೊದಲ ಖಾನೆ: ಕಾಯ್ದೆ ಮತ್ತು ನಿಯಮ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತು ಹಾರಿದರು. ಅಲ್ಲಿಂದ ಅದನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಅದಾದ ಎರಡು ವರ್ಷಕ್ಕೆ ವಿಮಾನ ಕಾಯ್ದೆ ಬಂತು, ಐದು ವರ್ಷಕ್ಕೆ ವಿಮಾನ ನಿಯಮಗಳು ಬಂದವು. ಈ ಖಾನೆಯ ಕಾಗದಗಳು ದಶಕಗಟ್ಟಲೆ ಬಾಳುತ್ತವೆ. ಬದಲಾದರೆ ಮಾತ್ರ ದೊಡ್ಡದಾಗಿ ಬದಲಾಗುತ್ತವೆ.

ಹೊಸ ಅಧಿನಿಯಮ ಚಿಕ್ಕದು, ಅದನ್ನು ಪೂರ್ತಿ ಮುದ್ರಿಸಿಕೊಳ್ಳಬಹುದು. ಡಿಜಿಸಿಎ, ಭದ್ರತೆ ನೋಡಿಕೊಳ್ಳುವ ಬಿಸಿಎಎಸ್, ಅಪಘಾತ ತನಿಖೆ ನಡೆಸುವ ಎಎಐಬಿ ಎಂಬ ಮೂರು ಸಂಸ್ಥೆಗಳಿಗೂ ಕಾನೂನಿನ ಬಲ ಬರುವುದು ಅದರಿಂದಲೇ. ರೇಡಿಯೊದಲ್ಲಿ ಮಾತಾಡಲು ಬೇಕಾದ ಆರ್‌ಟಿಆರ್ ಪ್ರಮಾಣಪತ್ರದ ಹೊಣೆಯನ್ನು ದೂರಸಂಪರ್ಕ ಇಲಾಖೆಯಿಂದ ಡಿಜಿಸಿಎ ಕಡೆಗೆ ತಂದದ್ದೂ ಇದೇ ಕಾಯ್ದೆ. ಹಳೆಯ ಗೈಡುಗಳಲ್ಲಿ ಆರ್‌ಟಿಆರ್ ಬಗ್ಗೆ ಇರುವ ಪುಟಗಳನ್ನು ನಂಬಿ ಅರ್ಜಿ ಹಾಕಲು ಹೊರಟವರು ತಪ್ಪು ಬಾಗಿಲು ತಟ್ಟುತ್ತಾರೆ.

1937ರ ನಿಯಮಗಳು ದಪ್ಪ ಪುಸ್ತಕ. ಅದನ್ನು ಮೊದಲಿಂದ ಕೊನೆಯವರೆಗೆ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಸ್ಪೈರಲ್ ಬೈಂಡಿಂಗ್ ಮಾಡಿಸಿ, ಅಂಟಿಸುವ ಬಣ್ಣದ ಚೀಟಿಗಳನ್ನು ಕೆಲವೇ ಕಡೆ ಹಚ್ಚಿದರೆ ಸಾಕು. ವಿಮಾನದಲ್ಲಿ ಇರಬೇಕಾದ ದಾಖಲೆಗಳನ್ನು ಹೇಳುವ 7ನೇ ನಿಯಮಕ್ಕೊಂದು, ಹಾರಾಟದ ನಿಯಮಗಳನ್ನು ಹೇಳುವ 16ಕ್ಕೊಂದು, ಮದ್ಯ ಮತ್ತು ಮಾದಕ ವಸ್ತುಗಳ ನಿಷೇಧದ 24ಕ್ಕೊಂದು, ಲಾಗ್‌ಬುಕ್ ಕುರಿತ 67ಎಗೊಂದು. ಎಲ್ಲಕ್ಕಿಂತ ಎದ್ದು ಕಾಣುವ ಬಣ್ಣದ ಚೀಟಿ ಎರಡನೇ ಅನುಸೂಚಿಗೆ ಇರಲಿ. ವಿದ್ಯಾರ್ಥಿ ಪೈಲಟ್‌ಗೆ ಎಷ್ಟು ವಯಸ್ಸು, ಸಿಪಿಎಲ್‌ಗೆ ಎಷ್ಟು ಗಂಟೆ, ಯಾವ ವೈದ್ಯಕೀಯ ದರ್ಜೆ ಎಂಬ ಲೆಕ್ಕವೆಲ್ಲ ಇರುವುದು ಅಲ್ಲೇ. 200 ಗಂಟೆಗಳಲ್ಲಿ 100 ಗಂಟೆ ಸ್ವತಃ ಕಮಾಂಡ್‌ನಲ್ಲಿ ಇರಬೇಕು, ಅದರಲ್ಲಿ ಕ್ರಾಸ್ ಕಂಟ್ರಿ ಎಷ್ಟು, ರಾತ್ರಿ ಹಾರಾಟ ಎಷ್ಟು ಎಂಬುದನ್ನು ಗೆಳೆಯರ ಮಾತಿನಿಂದ ತಿಳಿಯುವ ಬದಲು ಇಲ್ಲೇ ಓದಬೇಕು. ಕೊನೆಯಲ್ಲಿ ಲೈಸೆನ್ಸ್ ಅರ್ಜಿ ಪರಿಶೀಲಿಸುವವರು ನೋಡುವುದೂ ಇದೇ ಪುಟವನ್ನು.

ಎರಡನೇ ಖಾನೆ: ಸಿಎಆರ್

ಕಾಯ್ದೆ, ನಿಯಮಗಳ ಕೆಳಗಿನ ಹಂತ ಸಿವಿಲ್ ಏವಿಯೇಷನ್ ರಿಕ್ವೈರ್‌ಮೆಂಟ್ಸ್, ಚಿಕ್ಕದಾಗಿ ಸಿಎಆರ್. ನಿಯಮ ಒಂದು ಸಾಲಿನಲ್ಲಿ ಹೇಳಿದ್ದನ್ನು ಇದು ಹತ್ತು ಪುಟದಲ್ಲಿ ಬಿಡಿಸಿ ಹೇಳುತ್ತದೆ. ಪ್ರತಿ ಸಿಎಆರ್‌ಗೂ ಒಂದು ವಿಳಾಸವಿದೆ: ವಿಭಾಗ, ಸರಣಿ, ಭಾಗ. ವಿಭಾಗ 2 ವಿಮಾನದ ಹಾರಾಟ ಯೋಗ್ಯತೆ, 5 ಸುರಕ್ಷತೆ, 7 ಪೈಲಟ್‌ಗಳ ತರಬೇತಿ ಮತ್ತು ಲೈಸೆನ್ಸ್, 8 ವಿಮಾನ ಕಾರ್ಯಾಚರಣೆ, 9 ವಾಯುಪ್ರದೇಶ ಮತ್ತು ಸಂಚಾರ ನಿರ್ವಹಣೆ. ವೈದ್ಯಕೀಯ ಪರೀಕ್ಷೆಯ ವಿವರ ಬೇಕಾದರೆ ವಿಭಾಗ 7, ಸರಣಿ ಸಿ, ಭಾಗ 1. ಹಾರುವ ಮುನ್ನ 12 ಗಂಟೆ ಮದ್ಯ ಮುಟ್ಟಬಾರದು ಎಂಬ ನಿಯಮ, ಬ್ರೀತ್ ಅನಲೈಸರ್ ತಪಾಸಣೆಯ ಕ್ರಮ ಬೇಕಾದರೆ ವಿಭಾಗ 5, ಸರಣಿ ಎಫ್, ಭಾಗ 3.

ಫೈಲಿಗೆ ಹೆಸರಿಡುವುದನ್ನು ಇಲ್ಲೇ ಕಲಿಯಬೇಕು. ಡೌನ್‌ಲೋಡ್ ಆದ ಪಿಡಿಎಫ್‌ಗೆ ಯಾವುದೋ ಅಂಕಿಗಳ ಹೆಸರಿರುತ್ತದೆ, ವಾರ ಕಳೆದರೆ ಅದು ಏನೆಂದು ತೆರೆದೇ ನೋಡಬೇಕಾಗುತ್ತದೆ. ಅದರ ಬದಲು ‘7–ಸಿ–1–ವೈದ್ಯಕೀಯ’ ಎಂದು ವಿಳಾಸವನ್ನೇ ಹೆಸರಾಗಿ ಕೊಟ್ಟು, ಕೊನೆಗೆ ಆ ಆವೃತ್ತಿಯ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಸೇರಿಸಬೇಕು. ಆಗ ಫೋಲ್ಡರ್ ತಾನಾಗಿ ಸಾಲುಗಟ್ಟುತ್ತದೆ, ಒಂದೇ ಸಿಎಆರ್‌ನ ಹಳೆಯ ಹೊಸ ಪ್ರತಿಗಳು ಅಕ್ಕಪಕ್ಕ ನಿಲ್ಲುತ್ತವೆ. ಮೊದಲ ಪುಟದಲ್ಲಿ ಇಶ್ಯೂ ಸಂಖ್ಯೆ, ರಿವಿಷನ್ ಸಂಖ್ಯೆ, ಜಾರಿಯ ದಿನಾಂಕ ಮೂರೂ ಇರುತ್ತವೆ. ಹೆಸರಿಗೆ ತೆಗೆದುಕೊಳ್ಳಬೇಕಾದ್ದು ಜಾರಿಯ ದಿನಾಂಕ, ಡೌನ್‌ಲೋಡ್ ಮಾಡಿದ ದಿನಾಂಕವಲ್ಲ.

ದಿನಾಂಕಕ್ಕೆ ಯಾಕಿಷ್ಟು ಮಹತ್ವ ಎಂಬುದಕ್ಕೆ ಪೈಲಟ್‌ಗಳ ಕೆಲಸದ ಅವಧಿ ಮತ್ತು ವಿಶ್ರಾಂತಿಯ ಸಿಎಆರ್ ಒಳ್ಳೆಯ ಉದಾಹರಣೆ. ಅದರ ವಿಳಾಸ ವಿಭಾಗ 7, ಸರಣಿ ಜೆ, ಭಾಗ 3. ಡಿಜಿಸಿಎ 2024ರ ಜನವರಿಯಲ್ಲಿ ಅದನ್ನು ಪರಿಷ್ಕರಿಸಿ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿತು, ರಾತ್ರಿ ಇಳಿಯುವಿಕೆಗಳಿಗೆ ಕಡಿವಾಣ ಹಾಕಿತು. ಪ್ರಕಟವಾದದ್ದು ಅಂದು. ಆದರೆ ಕೆಲವು ಅಂಶಗಳು ಜಾರಿಯಾದದ್ದು 2025ರ ಜುಲೈ 1ರಿಂದ, ಉಳಿದವು ನವೆಂಬರ್ 1ರಿಂದ. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊದ ಸಾವಿರಾರು ವಿಮಾನಗಳು ರದ್ದಾಗಿ ಪ್ರಯಾಣಿಕರು ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಾಗ, ಕೆಲವು ಅಂಶಗಳಿಗೆ ತಾತ್ಕಾಲಿಕ ವಿನಾಯಿತಿಯೂ ಬಂತು. ಒಂದೇ ವಿಷಯಕ್ಕೆ ಮೂಲ ಸಿಎಆರ್, ಜಾರಿಯ ವೇಳಾಪಟ್ಟಿ, ವಿನಾಯಿತಿಯ ಆದೇಶ ಎಂದು ಮೂರು ಕಾಗದಗಳಾದವು. ಇಂಥವನ್ನು ಬೇರೆ ಬೇರೆ ಇಡದೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹೊಸದು ಮೇಲೆ ಬರುವಂತೆ ಸೇರಿಸಿಟ್ಟರೆ, ಸಂದರ್ಶನದಲ್ಲಿ ಯಾರಾದರೂ ಕೇಳಿದಾಗ ಪೂರ್ತಿ ಕಥೆ ಹೇಳಲು ಬರುತ್ತದೆ.

ಮೂರನೇ ಖಾನೆ: 28 ದಿನದ ಲೆಕ್ಕ

ಏರೋನಾಟಿಕಲ್ ಇನ್ಫರ್ಮೇಷನ್ ಪಬ್ಲಿಕೇಷನ್, ಅಂದರೆ ಎಐಪಿ, ದೇಶದ ವಾಯುಪ್ರದೇಶದ ಅಧಿಕೃತ ಕೈಪಿಡಿ. ವಿಮಾನ ನಿಲ್ದಾಣ ಪ್ರಾಧಿಕಾರ ಅದನ್ನು ಹೊರತರುತ್ತದೆ, ಎಲೆಕ್ಟ್ರಾನಿಕ್ ರೂಪದಲ್ಲಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಮೂರು ಭಾಗ: ಸಾಮಾನ್ಯ ವಿಷಯಗಳಿಗೆ ಜೆನ್, ಮಾರ್ಗಕ್ಕೆ ಸಂಬಂಧಿಸಿದ್ದಕ್ಕೆ ಇಎನ್‌ಆರ್, ನಿಲ್ದಾಣಗಳಿಗೆ ಎಡಿ.

ಇದರಲ್ಲಿ ಮುಖ್ಯ ಬದಲಾವಣೆಗಳು ಬೇಕೆಂದ ದಿನ ಬರುವುದಿಲ್ಲ. ಏರಾಕ್ ಎಂಬ ಅಂತರರಾಷ್ಟ್ರೀಯ ಪದ್ಧತಿಯ ಪ್ರಕಾರ 28 ದಿನಕ್ಕೊಮ್ಮೆ, ಅದೂ ಗುರುವಾರವೇ ಜಾರಿಗೆ ಬರುತ್ತವೆ. 2026ರಲ್ಲಿ ಇಂಥ ಮೊದಲ ಗುರುವಾರ ಜನವರಿ 22. ಆಮೇಲೆ ಫೆಬ್ರುವರಿ 19, ಮಾರ್ಚ್ 19, ಏಪ್ರಿಲ್ 16, ಹೀಗೆ ಡಿಸೆಂಬರ್ 24ರವರೆಗೆ ಒಟ್ಟು 13. ಗೋಡೆಯ ಕ್ಯಾಲೆಂಡರಿನಲ್ಲಿ ಈ 13 ಗುರುವಾರಗಳಿಗೆ ಸುತ್ತು ಹಾಕಿಟ್ಟರೆ ಮೂರನೇ ಖಾನೆ ಜಾಲಾಡಿಸುವ ದಿನ ಯಾವುದೆಂದು ನೆನಪಿಟ್ಟುಕೊಳ್ಳುವ ಕೆಲಸವೇ ಇರುವುದಿಲ್ಲ.

ಎಐಪಿ ಪೂರ್ತಿ ಮುದ್ರಿಸಲು ಹೋದವರು ಝೆರಾಕ್ಸ್ ಅಂಗಡಿಯವರನ್ನು ಉದ್ಧಾರ ಮಾಡುತ್ತಾರೆ ಅಷ್ಟೆ. ಮುದ್ರಿಸಬೇಕಾದ್ದು ಕೆಲವೇ ಪುಟ. ಜೆನ್ 1.7ರಲ್ಲಿ ಅಂತರರಾಷ್ಟ್ರೀಯ ಮಾನದಂಡಕ್ಕೂ ಭಾರತದ ಪದ್ಧತಿಗೂ ಇರುವ ವ್ಯತ್ಯಾಸಗಳ ಪಟ್ಟಿ ಇದೆ. ವಿದೇಶಿ ಪುಸ್ತಕ ಓದಿ ಉತ್ತರ ಬರೆಯುವವರು ಎಡವುವ ಜಾಗ ಇದು. ಇಎನ್‌ಆರ್ 1.2ರಲ್ಲಿ ಕಣ್ಣಳತೆಯ ಹಾರಾಟದ, ಅಂದರೆ ವಿಎಫ್‌ಆರ್, ನಿಯಮಗಳಿವೆ. ಸೂರ್ಯಾಸ್ತವಾಗಿ 20 ನಿಮಿಷದ ನಂತರದಿಂದ ಸೂರ್ಯೋದಯಕ್ಕೆ 20 ನಿಮಿಷ ಮೊದಲಿನವರೆಗೆ ಭಾರತದಲ್ಲಿ ಸಾಮಾನ್ಯವಾಗಿ ವಿಎಫ್‌ಆರ್ ಹಾರಾಟವಿಲ್ಲ, ಫ್ಲೈಟ್ ಲೆವೆಲ್ 150ರ ಮೇಲೂ ಇಲ್ಲ. ನಿಷೇಧಿತ, ನಿರ್ಬಂಧಿತ, ಅಪಾಯಕಾರಿ ಪ್ರದೇಶಗಳು ಇಎನ್‌ಆರ್ 5.1ರಲ್ಲಿ ಸಿಗುತ್ತವೆ.

ನಾಲ್ಕನೆಯದಾಗಿ, ತಾವು ಹಾರುವ ನಿಲ್ದಾಣ ಮತ್ತು ಅದರ ನೆರೆಯ ನಿಲ್ದಾಣಗಳ ಎಡಿ 2 ಪುಟಗಳು. ಪ್ರತಿ ನಿಲ್ದಾಣಕ್ಕೂ ಇವುಗಳ ಕ್ರಮಸಂಖ್ಯೆ ಒಂದೇ. 2.12ರಲ್ಲಿ ರನ್‌ವೇಯ ಅಳತೆ, 2.18ರಲ್ಲಿ ರೇಡಿಯೊ ಫ್ರೀಕ್ವೆನ್ಸಿ, 2.20ರಲ್ಲಿ ಸ್ಥಳೀಯ ನಿಯಮ. ಗೋಕುಲ ರಸ್ತೆಯ ಹುಬ್ಬಳ್ಳಿ ನಿಲ್ದಾಣದ್ದನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಬಹುದು. ರನ್‌ವೇ 08/26, ಉದ್ದ 2,600 ಮೀಟರ್. ನಿಲ್ದಾಣವನ್ನು ವಿಸ್ತರಿಸಿ 2017ರ ಡಿಸೆಂಬರ್‌ನಲ್ಲಿ ಉದ್ಘಾಟಿಸುವುದಕ್ಕೆ ಮುಂಚಿನ ಹಳೆಯ ನಕ್ಷೆಗಳಲ್ಲಿ ಈ ಅಂಕಿ ಸಿಗದು. ಊರವರಿಗೇ ಪರಿಚಿತವಾದ ಈ ಬದಲಾವಣೆಯನ್ನು ಹಳೆಯ ಪುಟದಲ್ಲಿ ಹುಡುಕಿ ನೋಡಿದರೆ, ದಿನಾಂಕ ನೋಡದೆ ಓದುವುದರ ಅಪಾಯ ತಾನಾಗಿ ತಿಳಿಯುತ್ತದೆ.

ನಾಲ್ಕನೇ ಖಾನೆ: ಖಾಲಿಯೇ ಇರಬೇಕಾದ್ದು

ನೋಟಾಮ್‌ಗಳನ್ನು ಸಂಗ್ರಹಿಸಬಾರದು. ಇಂದು ರನ್‌ವೇಯ ದೀಪ ಕೆಟ್ಟಿದೆ, ನಾಳೆ ಇಂಥ ಹೊತ್ತಿಗೆ ಇಂಥ ಪ್ರದೇಶ ಮುಚ್ಚಿದೆ ಎಂಬಂಥ ಸೂಚನೆಗಳು ಇವು. ಸಾಮಾನ್ಯವಾಗಿ ಗಂಟೆಗಳ, ಹೆಚ್ಚೆಂದರೆ ಕೆಲವು ತಿಂಗಳ ಬಾಳು. ಹಾರುವ ಮುನ್ನ ಹೊಸದಾಗಿ ತೆಗೆದು, ಓದಿ, ಹಾರಾಟ ಮುಗಿದ ಮೇಲೆ ಹರಿದುಹಾಕಬೇಕು.

ಆದರೆ ಓದುವುದನ್ನು ಕಲಿಯಲು ಒಂದನ್ನು ಹತ್ತಿರದಿಂದ ನೋಡಬೇಕು. ನೋಟಾಮ್‌ನ ಬಿ ಸಾಲಿನಲ್ಲಿ 2603100330 ಎಂಬ ಹತ್ತು ಅಂಕಿ ಇದೆ ಎಂದುಕೊಳ್ಳಿ. ಎರಡೆರಡಾಗಿ ಬಿಡಿಸಿದರೆ 26ನೇ ಇಸವಿ, 03ನೇ ತಿಂಗಳು, 10ನೇ ತಾರೀಖು, 03 ಗಂಟೆ 30 ನಿಮಿಷ. ಗಂಟೆ ಯಾವಾಗಲೂ ಯುಟಿಸಿಯಲ್ಲಿರುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಬೆಳಿಗ್ಗೆ 9. ಸಿ ಸಾಲು ಅದು ಮುಗಿಯುವ ಹೊತ್ತು, ಇ ಸಾಲು ವಿಷಯ. ಬೆಳಗಿನ ಜಾವದ ಮೂರೂವರೆ ಎಂದು ತಪ್ಪಾಗಿ ಓದಿಕೊಂಡ ವಿದ್ಯಾರ್ಥಿ, ಮುಚ್ಚಿದ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಹೋಗುವ ಯೋಜನೆ ಹಾಕುತ್ತಾನೆ. ಈ ಖಾನೆಯಲ್ಲಿ ಬಿಡಿಸಿ ಬರೆದ ಒಂದು ಮಾದರಿ ಹಾಳೆ ಇದ್ದರೆ ಸಾಕು.

ಐದನೇ ಖಾನೆ: ಸ್ವಂತ ದಾಖಲೆ

ಉಳಿದ ನಾಲ್ಕು ಖಾನೆ ಕಳೆದುಹೋದರೂ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಇದು ಹಾಗಲ್ಲ. ಹತ್ತನೇ ಮತ್ತು ಹನ್ನೆರಡನೇ ತರಗತಿಯ ಅಂಕಪಟ್ಟಿ, ಡಿಜಿಸಿಎ ಕೊಟ್ಟ ಕಂಪ್ಯೂಟರ್ ನಂಬರ್, ವಿದ್ಯಾರ್ಥಿ ಪೈಲಟ್ ಲೈಸೆನ್ಸ್, ಪರೀಕ್ಷೆಗಳ ಫಲಿತಾಂಶ, ವೈದ್ಯಕೀಯ ವರದಿ, ಲಾಗ್‌ಬುಕ್ ಎಲ್ಲ ಒಂದೇ ಬಾಕ್ಸ್ ಫೈಲಿನಲ್ಲಿರಬೇಕು. ಅದರ ಮುಚ್ಚಳದ ಒಳಬದಿಗೆ ಅಂಟಿಸಿದ ಹಾಳೆಯಲ್ಲಿ ಪ್ರತಿಯೊಂದರ ಅವಧಿ ಮುಗಿಯುವ ದಿನಾಂಕ ಬರೆದಿರಬೇಕು. ಸಿಪಿಎಲ್‌ಗೆ ಬೇಕಾದ ಕ್ಲಾಸ್ 1 ವೈದ್ಯಕೀಯದ ಬಾಳು ಯುವಕರಿಗೆ 12 ತಿಂಗಳು. ಅದು ಮುಗಿಯುವ ಎರಡು ತಿಂಗಳು ಮುಂಚಿನ ದಿನವನ್ನೂ ಅದೇ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡುವುದು ಒಳ್ಳೆಯದು, ಏಕೆಂದರೆ ಪರೀಕ್ಷಕರ ಬಳಿ ಸಮಯ ಸಿಗುವುದಕ್ಕೇ ಕಾಯಬೇಕಾಗಬಹುದು.

ಲಾಗ್‌ಬುಕ್ಕನ್ನು ಪ್ರತಿ ಹಾರಾಟದ ದಿನವೇ ತುಂಬಬೇಕು. ತಿಂಗಳ ಕೊನೆಗೆ ಪುಟದ ಮೊತ್ತ ಕೂಡಿಸಿ, ಬೋಧಕರ ಸಹಿ ಆದ ಮೇಲೆ ಆ ಪುಟದ ಫೋಟೊ ತೆಗೆದು ಕ್ಲೌಡ್‌ಗೆ ಹಾಕಬೇಕು. 67ಎ ನಿಯಮದ ಪ್ರಕಾರ ಲಾಗ್‌ಬುಕ್ಕನ್ನು ಕೊನೆಯ ನಮೂದಿನ ನಂತರವೂ ಐದು ವರ್ಷ ಕಾಪಾಡಬೇಕು.

ಪಠ್ಯಪುಸ್ತಕ ಎಲ್ಲಿಡಬೇಕು?

ಸಿಪಿಎಲ್‌ನ ಲಿಖಿತ ಪರೀಕ್ಷೆಗಳಲ್ಲಿ ಏರ್ ರೆಗ್ಯುಲೇಷನ್ಸ್ ಒಂದು, ಉತ್ತೀರ್ಣರಾಗಲು ಶೇ 70 ಅಂಕ ಬೇಕು. ಇದಕ್ಕೆ ಬಹುತೇಕರ ಕೈಯಲ್ಲಿ ಇರುವುದು ಆರ್.ಕೆ. ಬಾಲಿಯವರ ಪುಸ್ತಕ. ಅಂಥ ಪುಸ್ತಕ ಯಾವ ಖಾನೆಗೂ ಸೇರುವುದಿಲ್ಲ. ಅದರ ಜಾಗ ಮೇಜಿನ ಮೇಲೆ. ಪ್ರತಿ ಅಧ್ಯಾಯ ಓದುವಾಗ ಅಂಚಿನಲ್ಲಿ ಪೆನ್ಸಿಲಿನಿಂದ ಮೂಲದ ವಿಳಾಸ ಬರೆದುಕೊಂಡು ಹೋಗಬೇಕು: ಈ ಮಾತು ನಿಯಮ 24ರದ್ದು, ಇದು ಇಎನ್‌ಆರ್ 1.2ರದ್ದು. ವಿಳಾಸ ಸಿಗದ ಸಾಲಿಗೆ ಪ್ರಶ್ನಾರ್ಥಕ ಹಾಕಿ ಬೋಧಕರನ್ನು ಕೇಳಬೇಕು. ಪ್ರಶ್ನೆಕೋಶದ ಉತ್ತರಗಳಿಗೂ ಇದೇ ಕ್ರಮ. 1934ರ ಕಾಯ್ದೆಯ ಹೆಸರಿರುವ ಪ್ರಶ್ನೆ ಕಂಡರೆ ಆ ಕೋಶವೇ 2025ಕ್ಕಿಂತ ಮುಂಚಿನದೆಂದು ತಿಳಿದು, ಉಳಿದ ಉತ್ತರಗಳನ್ನೂ ಮೂಲದ ಜತೆ ತಾಳೆ ನೋಡಬೇಕು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ಅನೆಕ್ಸ್‌ಗಳ ವಿಚಾರವೂ ಹೀಗೆಯೇ. 1944ರ ಡಿಸೆಂಬರ್ 7ರಂದು ಸಹಿಯಾದ ಷಿಕಾಗೊ ಒಪ್ಪಂದಕ್ಕೆ ಈಗ 19 ಅನೆಕ್ಸ್‌ಗಳಿವೆ. ಅವನ್ನೆಲ್ಲ ಇಟ್ಟುಕೊಳ್ಳುವುದು ಬೇಡ. ಯಾವ ಸಂಖ್ಯೆ ಯಾವ ವಿಷಯ ಎಂಬ ಒಂದು ಪುಟದ ಪಟ್ಟಿ ಗೋಡೆಗಿದ್ದರೆ ಸಾಕು: 1 ಲೈಸೆನ್ಸ್, 2 ಹಾರಾಟದ ನಿಯಮ, 11 ವಾಯು ಸಂಚಾರ ಸೇವೆ, 12 ಶೋಧ ಮತ್ತು ರಕ್ಷಣೆ, 13 ಅಪಘಾತ ತನಿಖೆ, 14 ನಿಲ್ದಾಣ, 17 ಭದ್ರತೆ, 18 ಅಪಾಯಕಾರಿ ಸರಕು, 19 ಸುರಕ್ಷತಾ ನಿರ್ವಹಣೆ.

ಸೂಚಿ ವಹಿ

ಈ ಎಲ್ಲ ಖಾನೆಗಳಿಗೂ ಸೇರಿ ಒಂದು ಇನ್ನೂರು ಪುಟದ ನೋಟ್‌ಬುಕ್ ಬೇಕು. ಅದರಲ್ಲಿ ನಾಲ್ಕೇ ಕಾಲಂ: ವಿಷಯ, ವಿಳಾಸ, ಆವೃತ್ತಿಯ ದಿನಾಂಕ, ಕೊನೆಯ ಬಾರಿ ತಾಳೆ ನೋಡಿದ ದಿನ. ವಿಷಯವಾರು ವಿಂಗಡಣೆ ಬೇಕೆನ್ನುವವರ ಆಸೆ ಇಲ್ಲಿ ಈಡೇರುತ್ತದೆ. ‘ಮದ್ಯ’ ಎಂಬ ಒಂದು ಸಾಲಿನ ಮುಂದೆ ನಿಯಮ 24 ಮತ್ತು 5–ಎಫ್–3 ಎರಡೂ ಬರುತ್ತವೆ, ಕಾಗದಗಳು ತಮ್ಮ ತಮ್ಮ ಖಾನೆಯಲ್ಲೇ ಇರುತ್ತವೆ. ವಿಷಯದ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡರೂ ನಡೆಯುತ್ತದೆ. ನಿಯಮದ ಮಾತುಗಳನ್ನು ಮಾತ್ರ ಮೂಲದಲ್ಲಿದ್ದಂತೆಯೇ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಳ್ಳಬೇಕು, ಪರೀಕ್ಷೆಯಲ್ಲಿ ಎದುರಾಗುವುದು ಅವೇ ಪದಗಳು.

ಸುತ್ತು ಹಾಕಿದ ಗುರುವಾರಗಳಂದು ಅರ್ಧ ಗಂಟೆ ಕೂತು ಎಐಪಿಯ ಆಯ್ದ ಪುಟಗಳ ದಿನಾಂಕ ನೋಡಬೇಕು. ಅದೇ ದಿನ ಡಿಜಿಸಿಎ ತಾಣದಲ್ಲಿ ಹೊಸ ಸಿಎಆರ್ ಬಂದಿದೆಯೇ ಎಂದು ನೋಡಿ, ಬದಲಾಗಿದ್ದರೆ ಹೊಸ ಪ್ರತಿ ಸೇರಿಸಿ ವಹಿಯಲ್ಲಿ ದಿನಾಂಕ ತಿದ್ದಬೇಕು. ಟ್ಯಾಬ್‌ನಲ್ಲೂ ಫೋನಿನಲ್ಲೂ ಅದೇ ಐದು ಫೋಲ್ಡರ್, ಅದೇ ಹೆಸರು ಇರಲಿ. ಬೆಳಗಾವಿಯಲ್ಲೋ ಕಲಬುರಗಿಯಲ್ಲೋ ನೆಟ್‌ವರ್ಕ್ ಕೈಕೊಟ್ಟ ದಿನ ಬೇಕಾಗುವುದು ಮೊದಲೇ ಡೌನ್‌ಲೋಡ್ ಮಾಡಿಟ್ಟ ಪ್ರತಿಯೇ.

ಹಳೆಯ ಪ್ರತಿಗಳನ್ನು ಎಸೆಯುವ ಮುನ್ನ ಅವುಗಳ ಮೊದಲ ಪುಟದ ಮೇಲೆ ಅಡ್ಡಗೆರೆ ಎಳೆದು ‘ರದ್ದು’ ಎಂದೂ, ಅದರ ಜಾಗಕ್ಕೆ ಬಂದ ಆವೃತ್ತಿಯ ದಿನಾಂಕವನ್ನೂ ಬರೆಯಬೇಕು. ಲೈಸೆನ್ಸ್ ಬಂದ ಮೇಲೆ ಕಟ್ಟನ್ನು ಕಿರಿಯರಿಗೆ ದಾಟಿಸುವ ರೂಢಿ ತರಬೇತಿ ಶಾಲೆಗಳಲ್ಲಿ ಇದ್ದೇ ಇದೆ. ಆಗ ಕೊಡಬಹುದಾದ್ದು ಪಠ್ಯಪುಸ್ತಕ, ಅನೆಕ್ಸ್ ಪಟ್ಟಿ ಮತ್ತು ಸೂಚಿ ವಹಿಯ ನಕಲು. ಎರಡನೇ ಮತ್ತು ಮೂರನೇ ಖಾನೆಯ ಕಾಗದಗಳನ್ನು ಪಡೆಯುವವರು ತಾವೇ ಹೊಸದಾಗಿ ಇಳಿಸಿಕೊಳ್ಳುವುದು ಕ್ಷೇಮ.